ಒಂದು ಮನೆಯ ವ್ಯವಹಾರಗಣಿತ

ಹಾಸನದ ಹಳೆಯ ಬೀದಿಯೊಂದರ ಮನೆಯಲ್ಲಿ ಪುಸ್ತಕದ ಕಪಾಟಿನ ಕೆಳಗಿನ ಅಂಕಣವೆಲ್ಲ ಲೆಕ್ಕದ ಪುಸ್ತಕಗಳಿಂದ ತುಂಬಿದೆ. ಮೊದಲ ಪುಸ್ತಕದ ರಟ್ಟಿನ ಮೇಲೆ 1974 ಎಂದಿದೆ. ಆ ಮನೆಯ ಯಜಮಾನಿ ಮದುವೆಯಾಗಿ ಬಂದ ವರ್ಷವದು. ಅಂದಿನಿಂದ ಅಕ್ಕಿ, ಬೇಳೆ, ಸೀಮೆಎಣ್ಣೆ, ಮಕ್ಕಳ ಶಾಲೆಯ ಫೀಸು, ಬಸದಿಯ ಅಭಿಷೇಕಕ್ಕೆ ಕೊಟ್ಟ ಹಾಲು, ಎಲ್ಲವೂ ದಿನಾಂಕಸಹಿತ ಅಲ್ಲಿ ಕುಳಿತಿವೆ. ಒಳಗಿನ ಅಂಕಿಗಳೆಲ್ಲ ಕನ್ನಡ ಅಂಕಿಗಳು. ಮೇಲಿನ ಮೂರು ಅಂಕಣಗಳು ಪತಿಯವು. ಅಲ್ಲಿ ಪಂಪ, ಪೊನ್ನ, ರನ್ನರ ಸಂಪುಟಗಳೂ, ವರ್ಷವರ್ಷಕ್ಕೆ ರಟ್ಟು ಹಾಕಿಸಿದ ‘ಪ್ರಬುದ್ಧ ಕರ್ಣಾಟಕ’ದ ಸಂಚಿಕೆಗಳೂ ಇವೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರನ್ನು ಬೀದಿಯವರು ಇಂದಿಗೂ ಪಂಡಿತರೆಂದೇ ಕರೆಯುತ್ತಾರೆ. ಅವರ ಪತ್ನಿ ಎಲ್ಲರಿಗೂ ಅಮ್ಮ. ಹಳಗನ್ನಡದ ಶಾಸನವನ್ನು ಪಂಡಿತರು ನಿರರ್ಗಳವಾಗಿ ಓದಬಲ್ಲರು. ಹಾಲಿನವನ ತಿಂಗಳ ಲೆಕ್ಕವನ್ನು ಅವರು ಸರಿಯಾಗಿ ಹೇಳಿದ ನಿದರ್ಶನವಿಲ್ಲ. ಆ ಭಾಗವನ್ನು ಅಮ್ಮನವರು ಐವತ್ತು ವರ್ಷ ತೂಗಿಸಿಕೊಂಡು ಬಂದಿದ್ದಾರೆ.

ಪ್ರತಿ ಪುಸ್ತಕದ ಹಿಂಬದಿಯ ಪುಟಗಳು ಬೇರೆ. ಅಲ್ಲಿ ಅಷ್ಟಮಿ, ಚತುರ್ದಶಿಗಳ ಉಪವಾಸಕ್ಕೆ ಒಂದೊಂದು ಗುರುತು; ಅದರ ಕೆಳಗೆ ನಾಲ್ಕು ಶೀರ್ಷಿಕೆಗಳು: ಆಹಾರ, ಅಭಯ, ಔಷಧ, ಶಾಸ್ತ್ರ. ಶ್ರಾವಕಾಚಾರ ಗ್ರಂಥಗಳು ಹೇಳುವ ಚತುರ್ವಿಧ ದಾನವನ್ನು ಆಕೆ ಹೀಗೆ ಮನೆಯ ಲೆಕ್ಕಕ್ಕೆ ಇಳಿಸಿದ್ದಾರೆ. ಮೊತ್ತಗಳು ಸಣ್ಣವು. ಕೆಲಸದಾಕೆಯ ಮಗುವಿನ ಕೆಮ್ಮಿನ ಔಷಧ ಒಂದು ಕಡೆ, ಬಸದಿಯಲ್ಲಿ ಹಂಚಿದ ಸ್ತೋತ್ರಪುಸ್ತಕದ ಹತ್ತು ಪ್ರತಿ ಇನ್ನೊಂದು ಕಡೆ. ಔಷಧ ಮತ್ತು ಶಾಸ್ತ್ರ ಈ ಎರಡೂ ಮುಂಬದಿಯಲ್ಲಿ ಖರ್ಚಾಗಿಯೂ ಹಿಂಬದಿಯಲ್ಲಿ ದಾನವಾಗಿಯೂ ಕಾಣಿಸಿಕೊಳ್ಳುತ್ತವೆ. ಎರಡು ಕಡೆಯೂ ಯಾರಿಗೆ, ಯಾವುದಕ್ಕೆ, ಎಷ್ಟು ಎಂಬುದು ಸ್ಪಷ್ಟವಾಗಿದೆ.

ಇಂಥ ಲೆಕ್ಕಪ್ರೀತಿ ಜೈನ ಪರಂಪರೆಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಗಣಿತವು ಬೇಕಾಗುವ ಎಡೆಗಳನ್ನು ಎಣಿಸುತ್ತಾನೆ. ಅರ್ಥಶಾಸ್ತ್ರದ ಜೊತೆಗೆ ಸಂಗೀತವೂ ನಾಟಕವೂ, ಅಡುಗೆಯೂ ವೈದ್ಯವೂ ಆ ಪಟ್ಟಿಯಲ್ಲಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಸೂತ್ರವನ್ನು ಪದ್ಯದಲ್ಲಿ ಹೇಳಿ, ವಿವರಣೆಯನ್ನು ಗದ್ಯದಲ್ಲಿ ಕೊಟ್ಟು, ಕೊಡುವವನೂ ಕೊಳ್ಳುವವನೂ ಒಂದೇ ಲೆಕ್ಕವನ್ನು ಕಾಣಬೇಕೆಂಬಂತೆ ಬರೆದನು. ಮಹಾವೀರಾಚಾರ್ಯನ ಪಟ್ಟಿ ಇಂದಿಗೂ ಹಳತಾಗಿಲ್ಲ. ಸಂಗೀತ, ನಾಟಕ, ವೈದ್ಯ ಈ ಮೂರರ ಲೆಕ್ಕವೇ ಕಳೆದ ಕೆಲವು ವರ್ಷಗಳಲ್ಲಿ ಹಾಸನದ ಈ ಮನೆಯನ್ನು ಸೋಲಿಸುತ್ತ ಬಂದಿದೆ.

ಮೊದಲು ಬಂದದ್ದು ದೂರದರ್ಶನದ ಲೆಕ್ಕ. 2019ರ ಫೆಬ್ರವರಿಯಿಂದ ಪ್ರೇಕ್ಷಕರು ತಮಗೆ ಬೇಕಾದ ವಾಹಿನಿಗಳನ್ನು ಮಾತ್ರ ಆರಿಸಿ ಹಣ ಕೊಡಬಹುದು ಎಂಬ ವ್ಯವಸ್ಥೆ ದೇಶದಾದ್ಯಂತ ಜಾರಿಗೆ ಬಂದಿತು. ಅಮ್ಮನವರು ಸಂತೋಷಪಟ್ಟರು. ಬೇಕಾದಷ್ಟು ಕೊಂಡು, ಕೊಂಡಷ್ಟಕ್ಕೆ ಕೊಡುವುದು ಅವರ ಸ್ವಭಾವಕ್ಕೆ ಒಗ್ಗುವ ವಿಷಯ. ಮೂಲಶುಲ್ಕ 130 ರೂಪಾಯಿ, ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ತೆರಿಗೆ, ಒಟ್ಟು 153 ರೂಪಾಯಿ 40 ಪೈಸೆ. ಎಷ್ಟೋ ವರ್ಷಗಳ ನಂತರ ಲೆಕ್ಕದ ಪುಸ್ತಕದಲ್ಲಿ ಪೈಸೆಯ ಅಂಕಿ ಕಾಣಿಸಿಕೊಂಡಿತು. ಆಮೇಲೆ ಐದು ವಾಹಿನಿಗಳನ್ನು ಆರಿಸಿದರು, ಒಂದೊಂದಕ್ಕೆ 19 ರೂಪಾಯಿ. ಕೂಡಿದರೆ 95. ಅದೇ ಐದನ್ನು ಒಳಗೊಂಡ ನಲವತ್ತು ವಾಹಿನಿಗಳ ಕಟ್ಟು ಇದಕ್ಕಿಂತ ಅಗ್ಗವಾಗಿತ್ತು. ಕಡಿಮೆ ಕೊಂಡರೆ ಹೆಚ್ಚು ಬೆಲೆ, ಹೆಚ್ಚು ಕೊಂಡರೆ ಕಡಿಮೆ ಬೆಲೆ ಎಂಬ ಈ ವ್ಯಾಪಾರದಲ್ಲಿ ‘ಬೇಕಾದಷ್ಟು’ ಎಂಬ ಮಾತಿಗೆ ಅರ್ಥವುಳಿಯಲಿಲ್ಲ. ಪಂಡಿತರು ನೋಡುತ್ತಿದ್ದುದಾದರೋ ಚಂದನವೊಂದನ್ನೇ. ಅದು ಉಚಿತ.

ಬೇಸಿಗೆ ರಜೆಗೆ ಬಂದ ಮೊಮ್ಮಗ ಕ್ರಿಕೆಟ್ ನೋಡಲೆಂದು ತಾತನ ಬ್ಯಾಂಕ್ ಕಾರ್ಡಿನಿಂದ ಮೊಬೈಲಿನಲ್ಲಿ ಒಂದು ಸೇವೆಗೆ ಚಂದಾ ಕಟ್ಟಿದ್ದು ಇನ್ನೊಂದು ಕಥೆ. ಮೊಮ್ಮಗ ಊರಿಗೆ ಮರಳಿದ, ಚಂದಾ ಉಳಿಯಿತು. ಮರುವರ್ಷ ತಾನೇ ನವೀಕರಣಗೊಂಡಿತು. 2021ರ ಅಕ್ಟೋಬರ್‌ನಿಂದ ಇಂಥ ಪುನರಾವರ್ತಿತ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಕಳುಹಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಸೂಚನೆ ಬಂದಿತ್ತು ಕೂಡ. ಸಾಲ, ನಿವೇಶನ, ಲಾಟರಿಗಳ ನೂರಾರು ಸಂದೇಶಗಳ ನಡುವೆ ಇಂಗ್ಲಿಷಿನಲ್ಲಿ ಬಂದು, ಅಲ್ಲಿಯೇ ಅಡಗಿತ್ತು. ಪಂಡಿತರ ಪ್ರಾಯದವರಿಗೆ ಚಂದಾ ಎಂದರೆ ಮುಗಿಯುವ ವಸ್ತು. ಪತ್ರಿಕೆಯ ಹೊದಿಕೆಯ ಮೇಲೆ ‘ನಿಮ್ಮ ಚಂದಾ ಮುಗಿದಿದೆ’ ಎಂಬ ಮುದ್ರೆ ಬೀಳುತ್ತಿತ್ತು. ಹಣ ಕಳುಹಿಸದಿದ್ದರೆ ಪತ್ರಿಕೆ ನಿಲ್ಲುತ್ತಿತ್ತು. ಕಳುಹಿಸಿದ್ದರ ಫಲ ಕಪಾಟಿನಲ್ಲಿ ಉಳಿಯುತ್ತಿತ್ತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದ ಪಂಡಿತರಿಗೆ, 1,499 ರೂಪಾಯಿ ಕೊಟ್ಟ ಮೇಲೂ ಕೈಯಲ್ಲಿ ಏನೂ ಉಳಿಯದ ಈ ಬಗೆಯ ಚಂದಾ ಅರ್ಥವಾಗಲೇ ಇಲ್ಲ. ಅಮ್ಮನವರು ಅದನ್ನು ‘ಮೊಮ್ಮಗನ ಆಟ’ ಎಂದು ಬರೆದು ಪುಟ ತಿರುವಿದರು.

ಇವೆಲ್ಲ ನಕ್ಕು ಬಿಡಬಹುದಾದ ಸಂಗತಿಗಳಾಗಿದ್ದವು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಪಂಡಿತರಿಗೆ ಎದೆನೋವು ಬಂದಾಗ ಮಾತ್ರ ಲೆಕ್ಕ ಬೇರೆ ರೂಪ ತಾಳಿತು. ಹಾಸನದ ವೈದ್ಯರು ಬೆಂಗಳೂರಿಗೆ ಕಳುಹಿಸಿದರು. ಅಲ್ಲಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಒಂದು ದಿನ ತೀವ್ರನಿಗಾ ಘಟಕ, ಎರಡು ದಿನ ಕೊಠಡಿ. ಚಿಕಿತ್ಸೆಯ ಬಗ್ಗೆ ಈ ಮನೆಯವರಿಗೆ ಯಾವ ದೂರೂ ಇಲ್ಲ. ವೈದ್ಯರು ಸಜ್ಜನರು, ಹೃದಯದ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಎಲ್ಲಿ ಅಡಚಣೆಯಿತ್ತು, ಈಗ ಹೇಗೆ ತೆರೆದಿದೆ ಎಂದು ಕನ್ನಡದಲ್ಲಿಯೇ ವಿವರಿಸಿದರು. ಹೃದಯವನ್ನು ವಿವರಿಸಲು ಸಾಧ್ಯವಾದ ಆ ಕಟ್ಟಡದಲ್ಲಿ ಬಿಲ್ಲನ್ನು ವಿವರಿಸುವವರು ಮಾತ್ರ ಇರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ವೈದ್ಯರು ಮನೆಗೆ ಹೋಗಬಹುದೆಂದರು. ಬಿಡುಗಡೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾಕಂಪನಿ ತೀರ್ಮಾನ ತಿಳಿಸಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದೆ. ಆ ನಿಯಮ ಅಂದು ಅಕ್ಷರಶಃ ಪಾಲನೆಯಾಯಿತು. ಆದರೆ ವೈದ್ಯರ ಸಾರಾಂಶ ಬೆರಳಚ್ಚಾಗಿ, ಉಳಿದ ಔಷಧಗಳು ಔಷಧಾಲಯಕ್ಕೆ ಮರಳಿ, ಕಡತ ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಮೂರೂವರೆಯಾಗಿತ್ತು. ಒಪ್ಪಿಗೆ ಬಂದದ್ದು ಆರು ಇಪ್ಪತ್ತಕ್ಕೆ. ಈ ನಡುವೆ, ಹೆಸರು ಕೂಗಿದಾಗ ಇಲ್ಲದಿದ್ದರೆ ಸರದಿ ತಪ್ಪೀತೆಂದು ಅಮ್ಮನವರು ಕೌಂಟರಿನ ಎದುರಿನ ಕುರ್ಚಿ ಬಿಟ್ಟು ಏಳಲಿಲ್ಲ. ಹೊತ್ತು ಮುಳುಗಿದ ಮೇಲೆ ಆಕೆ ಉಣ್ಣುವವರಲ್ಲ; ಅಂದು ಡಬ್ಬಿ ತೆರೆಯಲಿಲ್ಲ. ಹಾಸನಕ್ಕೆ ಬರುವ ಕಾರಿನಲ್ಲಿ ಮೊಮ್ಮಗಳು ಕೇಳಿದಳು: “ಅಜ್ಜಿ, ಇವತ್ತು ನಿಮಗೆ ಉಪವಾಸವಾಯಿತಲ್ಲವಾ?” “ಇಲ್ಲಮ್ಮ, ಸಂಕಲ್ಪವಿಲ್ಲದ್ದು ಉಪವಾಸವಲ್ಲ, ಅದು ಬರೀ ಹಸಿವು” ಎಂದರು. ಆ ವರ್ಷದ ಪುಸ್ತಕದ ಹಿಂಬದಿಯಲ್ಲಿ ಆ ದಿನಕ್ಕೆ ಗುರುತಿಲ್ಲ.

ಒಟ್ಟು ಬಿಲ್ಲು 1,87,340 ರೂಪಾಯಿ. ವಿಮಾಕಂಪನಿ ಒಪ್ಪಿದ್ದು 1,26,000. ಉಳಿದ 61,340ನ್ನು ಮೊಮ್ಮಗಳು ಅಜ್ಜಿಯ ಕಾರ್ಡಿನಿಂದ ಕಟ್ಟಿ, ಹನ್ನೊಂದು ಪುಟಗಳ ಕಾಗದವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

ಆ ಹನ್ನೊಂದು ಪುಟಗಳನ್ನು ಓದಲು ಅಮ್ಮನವರಿಗೆ ನಾಲ್ಕು ದಿನ ಹಿಡಿಯಿತು. ಪ್ರಾಚೀನ ಲಿಪಿಯನ್ನು ಓದುವವರು ಗೊತ್ತಿರುವ ಅಕ್ಷರದಿಂದ ಗೊತ್ತಿಲ್ಲದುದರ ಕಡೆಗೆ ಸಾಗುವಂತೆ ಅವರೂ ಸಾಗಿದರು. ಮೊದಲು ತಿಳಿದದ್ದು ಸ್ಟೆಂಟಿನ ಸಾಲು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು: ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧಲೇಪಿತವಾದುದಕ್ಕೆ 29,600. ಬಳಿಕ ಆ ಮಿತಿ ಪರಿಷ್ಕೃತವಾಗುತ್ತ ಬಂದಿದೆ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ನೆನಪು ಅಮ್ಮನವರಿಗಿತ್ತು. ಹಿಂದೆ ಕಾನೂನು ನಿಂತಿದ್ದ ಆ ಒಂದು ಸಾಲು 36,000 ಎಂದು ನೇರವಾಗಿತ್ತು, ಪೂರ್ತಿ ಮಂಜೂರಾಗಿತ್ತು. ಉಳಿದ ಸಾಲುಗಳು ಸಂಕ್ಷಿಪ್ತಾಕ್ಷರಗಳ ಕಾಡು. ಔಷಧ ಮತ್ತು ಬಳಕೆವಸ್ತುಗಳಿಗೆ 48,000, ಪರೀಕ್ಷೆಗಳಿಗೆ 15,000, ವೈದ್ಯರ ಹಾಗೂ ಶಸ್ತ್ರಕ್ರಿಯಾ ಶುಲ್ಕ 70,000, ನಿಗಾಘಟಕಕ್ಕೆ 6,000, ಕೊಠಡಿಗೆ 10,000, ಕೊನೆಗೆ ‘ಇತರೆ’ ಎಂದು 2,340.

ಔಷಧಗಳ ಪಟ್ಟಿಯಲ್ಲಿ ಅಮ್ಮನವರನ್ನು ತಡೆದದ್ದು ಬೆಲೆಯಲ್ಲ. ಮನೆಗೆ ಕೊಟ್ಟ ಗುಳಿಗೆಗಳಲ್ಲಿ ಒಂದರ ಹೊದಿಕೆ ಜೆಲಟಿನ್ ಎಂದು ಮೊಮ್ಮಗಳು ಓದಿ ಹೇಳಿದಳು. ಅದು ಪ್ರಾಣಿಜನ್ಯ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಔಷಧದ ಮೇಲೆ ಅಂಥ ಗುರುತಿಲ್ಲ. ಉಗ್ರಾದಿತ್ಯನು ‘ಕಲ್ಯಾಣಕಾರಕ’ದ ಹಿತಾಹಿತ ಪ್ರಕರಣದಲ್ಲಿ ಔಷಧಕ್ಕಾಗಿ ಕೂಡ ಮಾಂಸ ಸಲ್ಲದೆಂದು ನೃಪತುಂಗನ ಸಭೆಯಲ್ಲಿ ವಾದಿಸಿದ ಪ್ರಸಂಗವಿದೆ, ಪೂಜ್ಯಪಾದರ ವೈದ್ಯವನ್ನು ಕನ್ನಡಿಸಿದ ಜಗದ್ದಳ ಸೋಮನಾಥನೂ ಅದೇ ದಾರಿಯವನು. ಅವರ ಕಾಲದಲ್ಲಿ ಔಷಧದಲ್ಲಿ ಏನಿದೆಯೆಂಬುದು ವೈದ್ಯನಿಗಾದರೂ ತಿಳಿದಿರುತ್ತಿತ್ತು, ಆದ್ದರಿಂದ ವಾದಕ್ಕೆ ಎಡೆಯಿತ್ತು. ಹಾಸನದ ಔಷಧ ಅಂಗಡಿಯವನು ಅದೇ ಔಷಧವನ್ನು ಮಾತ್ರೆಯ ರೂಪದಲ್ಲಿ ಕೊಡಬಹುದೇ ಎಂದು ವೈದ್ಯರಿಗೆ ಫೋನು ಮಾಡಿ ಕೇಳಿ, ಅವರು ಒಪ್ಪಿದ ಮೇಲೆ ಬದಲಿಸಿ ಕೊಟ್ಟನು. ಇಡೀ ಪ್ರಕರಣದಲ್ಲಿ ಒಂದೇ ಫೋನಿನಲ್ಲಿ ಮುಗಿದ ಕೆಲಸ ಇದೊಂದೇ.

ಇನ್ನು ಕಡಿತದ ಲೆಕ್ಕ. ವಿಮೆಯ ಮೊತ್ತ ಮೂರು ಲಕ್ಷ. ಕೊಠಡಿಯ ದಿನಬಾಡಿಗೆ ಅದರ ನೂರಕ್ಕೆ ಒಂದು ಭಾಗ, ಅಂದರೆ 3,000 ಮೀರಬಾರದು. ಅಂದು ಮೂರು ಸಾವಿರದ ಕೊಠಡಿ ಖಾಲಿಯಿರಲಿಲ್ಲ. ಐದು ಸಾವಿರದ್ದು ಸಿಕ್ಕಿತು. ಹೆಚ್ಚಿನ ನಾಲ್ಕು ಸಾವಿರವನ್ನು ತಾವೇ ಕೊಟ್ಟರಾಯಿತೆಂದು ಅಮ್ಮನವರು ಒಪ್ಪಿದ್ದರು. ಬಾಡಿಗೆ ಮಿತಿ ಮೀರಿದರೆ ಮಿಕ್ಕ ಶುಲ್ಕಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆಂಬುದನ್ನು ಅಂದು ಯಾರೂ ಹೇಳಲಿಲ್ಲ. ಅನೇಕ ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಏರಿದಂತೆ ಅದೇ ಶಸ್ತ್ರಕ್ರಿಯೆಯ, ಅದೇ ವೈದ್ಯರ ಶುಲ್ಕವೂ ಏರುತ್ತದೆ. ಆ ಏರಿಕೆಯನ್ನು ತಾವು ಹೊರಲಾರೆವೆಂಬುದು ವಿಮೆಯವರ ತರ್ಕ. ತರ್ಕದಲ್ಲಿ ತಪ್ಪಿಲ್ಲ.

ಇದು ಅಪ್ಪಟ ತ್ರೈರಾಶಿಕ. ಪ್ರಮಾಣ 5,000, ಫಲ 70,000, ಇಚ್ಛೆ 3,000. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 42,000; ಕಡಿತ 28,000. ಪಂಡಿತರಿಗೆ ಇದನ್ನು ಕೇಳಿ ಕಾಯಿಲೆಯ ನಡುವೆಯೂ ಉತ್ಸಾಹ ಬಂದಿತು. ‘ಇಚ್ಛೆ’ ಎಂಬ ಪಾರಿಭಾಷಿಕ ಶಬ್ದ ಇಲ್ಲಿ ಎಷ್ಟು ವ್ಯಂಗ್ಯವಾಗಿದೆ ನೋಡು ಎಂದರು. ಅಮ್ಮನವರಿಗೆ ವ್ಯಂಗ್ಯ ಬೇಕಿರಲಿಲ್ಲ. ಅವರು ಮುಂದಿನ ಸಾಲಿಗೆ ಹೋಗಿದ್ದರು. ಔಷಧಗಳ 48,000ದಲ್ಲಿ ಕೈಗವಸು, ಮುಖಗವಸು ಮೊದಲಾದ, ವಿಮೆಗೆ ಸಲ್ಲದ ವಸ್ತುಗಳ 3,000 ತೆಗೆದು, ಉಳಿದ 45,000ಕ್ಕೂ ಅದೇ ಅನುಪಾತ ಹಾಕಿ 18,000 ಕಳೆದಿದ್ದರು. ಪರೀಕ್ಷೆಗಳ 15,000ದಲ್ಲಿ 6,000 ಕಳೆದಿದ್ದರು. “ಐದು ಸಾವಿರದ ಕೊಠಡಿಯಲ್ಲಿ ಮಲಗಿದವರಿಗೆ ಮಾತ್ರೆಯ ಬೆಲೆ ಬೇರೆಯಾಗುತ್ತದೆಯೇ?” ಎಂಬುದು ಅವರ ಪ್ರಶ್ನೆ. ಚೀಟಿಯ ಮೇಲೆ ಅಚ್ಚಾದ ಗರಿಷ್ಠ ಬೆಲೆ ಯಾವ ಕೊಠಡಿಯಲ್ಲಿಯೂ ಒಂದೇ.

ಉತ್ತರ ಹುಡುಕಿದವರು ಪಂಡಿತರು. ವಿಮೆಯ ಕರಾರುಪುಸ್ತಕ ಸಣ್ಣಕ್ಷರದ ಇಂಗ್ಲಿಷಿನಲ್ಲಿತ್ತು. ಮೊಮ್ಮಗಳು ಓದಿ ಅರ್ಥ ಹೇಳುತ್ತಿದ್ದಳು. ಹಾಸಿಗೆಯಲ್ಲಿ ಒರಗಿ ಪಂಡಿತರು ಕೇಳುತ್ತಿದ್ದರು. ಅವಳು ಕಡಿತದ ನಿಯಮವನ್ನು ಓದಿ ಮುಗಿಸಿದಾಗ ಅವರು ತಡೆದರು. “ಅಲ್ಲಿ ‘ಸಂಬಂಧಿತ ವೈದ್ಯಕೀಯ ವೆಚ್ಚ’ ಅಂತ ಒಂದು ಮಾತು ದಪ್ಪಕ್ಷರದಲ್ಲಿದೆ ಅಂದೆಯಲ್ಲ, ಅದು ಪಾರಿಭಾಷಿಕ ಶಬ್ದ. ಪರಿಭಾಷೆ ಮೊದಲೇ ಎಲ್ಲೋ ಕೊಟ್ಟಿರುತ್ತಾರೆ, ಹಿಂದೆ ಹೋಗಿ ನೋಡು.” ಸೂತ್ರವನ್ನು ಪರಿಭಾಷೆಯಿಲ್ಲದೆ ಓದಬಾರದೆಂದು ನಲವತ್ತು ವರ್ಷ ಹೇಳಿಕೊಂಡು ಬಂದವರ ಅಭ್ಯಾಸ ಇಲ್ಲಿ ಕೈಹಿಡಿಯಿತು. ಹಿಂದಿನ ಪುಟಗಳಲ್ಲಿ ಪರಿಭಾಷೆಯಿತ್ತು. ಔಷಧ, ಬಳಕೆವಸ್ತು, ದೇಹದೊಳಗೆ ಅಳವಡಿಸುವ ಸಾಧನ, ರೋಗನಿರ್ಣಯ ಪರೀಕ್ಷೆ ಇವು ಆ ಮಾತಿನ ವ್ಯಾಪ್ತಿಗೆ ಸೇರವು. 2020ರಿಂದ ನಿಯಂತ್ರಣ ಪ್ರಾಧಿಕಾರವೇ ಹಾಗೆ ವಿಧಿಸಿದೆ. ಅಂದರೆ 24,000 ರೂಪಾಯಿ ತಪ್ಪಾಗಿ ಕಡಿತವಾಗಿತ್ತು. ನಿವೃತ್ತಿವೇತನದಲ್ಲಿ ನಡೆಯುವ ಮನೆಗೆ ಅದು ಚಿಕ್ಕ ಮೊತ್ತವಲ್ಲ. ಮುಂದಿನ ಕೆಲವು ತಿಂಗಳ ಔಷಧ ಅದರಲ್ಲಿ ಬರುತ್ತದೆ.

ಪತ್ತೆಯಾದ ತಪ್ಪನ್ನು ತಿಳಿಸುವುದು ಇನ್ನೊಂದು ಸಾಹಸ. ಕಂಪನಿಯ ಜಾಲತಾಣ ಪ್ರವೇಶಕ್ಕೆ ಓಟಿಪಿ ಕೇಳಿತು. ವಿಮೆ ಮಾಡಿಸಿದವನು ಮಗ, ದಾಖಲಾದ ಸಂಖ್ಯೆ ಅವನದು, ಅವನಿರುವುದು ಅಮೆರಿಕದಲ್ಲಿ. ಹಾಸನದಲ್ಲಿ ಬೆಳಗಿನ ಹನ್ನೊಂದಾದಾಗ ಅಲ್ಲಿ ಅವನು ಗಾಢನಿದ್ರೆಯಲ್ಲಿರುತ್ತಾನೆ. ಅವನು ಎಚ್ಚರವಾಗಿ ಅಂಕಿಗಳನ್ನು ಕಳುಹಿಸುವ ಹೊತ್ತಿಗೆ ಅವುಗಳ ಆಯುಷ್ಯ ಮುಗಿದಿರುತ್ತಿತ್ತು. ಎರಡು ರಾತ್ರಿ ಮಗನ ನಿದ್ದೆ ಕೆಟ್ಟ ಮೇಲೆ ಅಮ್ಮನವರು, “ಅವನನ್ನು ಎಬ್ಬಿಸಬೇಡಿ, ಕಾಗದ ಬರೆಯೋಣ” ಎಂದರು. ಪಂಡಿತರು ಕನ್ನಡದಲ್ಲಿ ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಅಮ್ಮನವರು ಲೆಕ್ಕವನ್ನು ಬೇರೆ ಹಾಳೆಯಲ್ಲಿ, ಕಷ್ಟಪಟ್ಟು ಇಂಗ್ಲಿಷ್ ಅಂಕಿಗಳಲ್ಲಿ ಬರೆದರು. ಸ್ಪೀಡ್ ಪೋಸ್ಟಿನ ಖರ್ಚು ಪುಸ್ತಕದಲ್ಲಿ ದಾಖಲಾಯಿತು.

ಕಾಗದ ಹೋದ ದಿನ ಸಂಜೆ ಅಮ್ಮನವರು ಕೇಳಿದ ಮಾತೊಂದು ಪಂಡಿತರನ್ನು ಬಹುಕಾಲ ಕಾಡಿತು. “ರೀ, ಇಂಥ ಬಿಲ್ಲು ಕೂಟಲೇಖವಾಗುವುದಿಲ್ಲವೇ?” ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯದ ಅತಿಚಾರಗಳಲ್ಲಿ ಅಳತೆ ತೂಕಗಳನ್ನು ಹೆಚ್ಚುಕಡಿಮೆ ಮಾಡುವುದನ್ನೂ ತತ್ತ್ವಾರ್ಥಸೂತ್ರ ಹೇಳುತ್ತದೆ. ಪಂಡಿತರು ಸರ್ವಾರ್ಥಸಿದ್ಧಿಯನ್ನು ತರಿಸಿಕೊಂಡು ನೋಡಿದರು. ಇನ್ನೊಬ್ಬನು ಹೇಳದುದನ್ನು, ಮಾಡದುದನ್ನು, ಹೇಳಿದನು ಮಾಡಿದನು ಎಂದು ವಂಚಿಸುವುದಕ್ಕಾಗಿ ಬರೆಯುವುದು ಕೂಟಲೇಖವೆಂದು ಪೂಜ್ಯಪಾದರ ವಿವರಣೆ. “ವಂಚನೆಯ ಉದ್ದೇಶ ಇರಬೇಕು. ಇಲ್ಲಿ ಯಾರ ಉದ್ದೇಶ ಅಂತ ಹೇಳುತ್ತೀ? ಕೌಂಟರಿನ ಹುಡುಗಿಗೂ ಗೊತ್ತಿಲ್ಲ, ಕಡಿತ ಮಾಡಿದ್ದು ಯಂತ್ರವೋ ಏನೋ. ಸುಳ್ಳು ಬರೆದಿಲ್ಲ, ಓದಲಾಗದ ಹಾಗೆ ಬರೆದಿದ್ದಾರೆ.” “ಓದಲಾಗದ ಹಾಗೆ ಬರೆಯುವುದಕ್ಕೆ ಸೂತ್ರದಲ್ಲಿ ಹೆಸರಿಲ್ಲವೇ?” “ಇಲ್ಲ” ಎಂದರು ಪಂಡಿತರು. ಬರೆದವನು ಓದುವವನಿಗಾಗಿಯೇ ಬರೆಯುತ್ತಾನೆಂದು ಆ ಆಚಾರ್ಯರು ನಂಬಿದ್ದಿರಬೇಕು.

ಐದು ವಾರಗಳ ಮೇಲೆ ವಿಮಾಕಂಪನಿಯಿಂದ ಎರಡು ಸಾಲಿನ ಪತ್ರವೂ ಬ್ಯಾಂಕಿಗೆ 24,000 ರೂಪಾಯಿಯೂ ಬಂದವು. ತಪ್ಪು ಹೇಗಾಯಿತೆಂಬ ವಿವರವಿರಲಿಲ್ಲ. ‘ಮರುಪರಿಶೀಲನೆಯ ಮೇರೆಗೆ’ ಎಂದಷ್ಟೇ ಇತ್ತು. ಪಂಡಿತರು ಹಿಗ್ಗಿ, ಇಷ್ಟಕ್ಕೆ ಸಾಕೆಂದರು.

ಅಮ್ಮನವರಿಗೆ ಇನ್ನೂ ಎರಡು ಸಾಲು ಬಗೆಹರಿದಿರಲಿಲ್ಲ. ಮೊದಲನೆಯದು 2,340ರ ‘ಇತರೆ’. ವಿಮೆಗೆ ಸಲ್ಲದ ವಸ್ತುಗಳ ಪಟ್ಟಿಯಲ್ಲಿ ದೂರದರ್ಶನದ ಶುಲ್ಕವೂ ಒಂದೆಂದು ಮೊಮ್ಮಗಳು ಓದಿ ಹೇಳಿದಾಗ, ಕೊಠಡಿಯ ಗೋಡೆಯ ಮೇಲಿದ್ದ, ಎರಡು ದಿನವೂ ಯಾರೂ ಹಚ್ಚದ ಟಿವಿ ಅವರಿಗೆ ನೆನಪಾಯಿತು. ಅದೇ ಇದೆಂದು ಹೇಳಲು ಆಧಾರವಿಲ್ಲವಾದ್ದರಿಂದ ಪುಸ್ತಕದಲ್ಲಿ ಹಾಗೆ ಬರೆಯಲಿಲ್ಲ. ಎರಡನೆಯದು 28,000. ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಬದಲಿಸದ ಆಸ್ಪತ್ರೆಯಾದರೆ ಅನುಪಾತದ ಕಡಿತವೇ ಸಲ್ಲದೆಂಬ ಇನ್ನೊಂದು ವಾಕ್ಯ ಅದೇ ನಿಯಮದ ಕೆಳಗಿತ್ತು. ಹಾಗಾದರೆ ಮೂರು ಸಾವಿರದ ಕೊಠಡಿಯವರಿಗೆ ಈ ಶಸ್ತ್ರಕ್ರಿಯೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಆಸ್ಪತ್ರೆಗೆ ಕಾಗದ ಬರೆದಿದ್ದಾರೆ. ಈ ಸಲ ಕನ್ನಡದಲ್ಲಿಯೇ, ತಾವೇ ಬರೆದು, ಅಂಕಿಗಳನ್ನೂ ಕನ್ನಡದಲ್ಲಿಯೇ ಇಟ್ಟಿದ್ದಾರೆ. ಉತ್ತರ ಬಂದಿಲ್ಲ. ಲೆಕ್ಕದ ಪುಸ್ತಕದಲ್ಲಿ ಆ ಮೊತ್ತವನ್ನು ಪೆನ್ಸಿಲಿನಲ್ಲಿ ಬರೆದು, ಎದುರಿಗೆ ಜಾಗ ಬಿಟ್ಟಿದ್ದಾರೆ.